ಕಿವಿ ಡಾಕ್ಟರಿಗೆ ತಲೆಬುರುಡೆಯ ತಳದಲ್ಲಿ ಏನು ಕೆಲಸ?

ಪ್ರಶ್ನೆ: ಜಯನಗರ ನಾಲ್ಕನೇ ಬ್ಲಾಕ್‌ಗೆ ತರಕಾರಿ ತರಲು ಹೋಗುವ ದಾರಿಯಲ್ಲಿ ಒಂದು ಬೋರ್ಡ್ ಕಾಣುತ್ತದೆ. ‘ಕಿವಿ, ಸ್ಕಲ್ ಬೇಸ್ ಮತ್ತು ಗೊರಕೆ ಶಸ್ತ್ರಚಿಕಿತ್ಸೆ’ ಎಂದು ಬರೆದಿದ್ದಾರೆ. ಕಿವಿ ಡಾಕ್ಟರು ಕಿವಿ ನೋಡುತ್ತಾರೆ, ಸರಿ. ತಲೆಬುರುಡೆ ಎಂದರೆ ಮೆದುಳಿನ ಡಾಕ್ಟರ ಕೆಲಸವಲ್ಲವೇ? ಗೊರಕೆಗೂ ಆಪರೇಷನ್ ಇದೆಯೇ? ಇವು ಮೂರೂ ಒಂದೇ ಬೋರ್ಡಿಗೆ ಹೇಗೆ ಬಂದವು? ನಮ್ಮ ಯಜಮಾನರ ಗೊರಕೆ ಪಕ್ಕದ ರೂಮಿಗೂ ಕೇಳಿಸುತ್ತದೆ, ಆಪರೇಷನ್ ಮಾಡಿಸೋಣವೇ ಎಂದು ಮಾತಾಡಿಕೊಳ್ಳುತ್ತಿದ್ದೇವೆ. ಅತ್ತೆಯವರಿಗೆ ಚಿಕ್ಕಂದಿನಿಂದ ಒಂದು ಕಿವಿ ಸೋರುತ್ತದೆ, ಅದು ಅಭ್ಯಾಸವಾಗಿಹೋಗಿದೆ. ಹಾಗಾಗಿ ಈ ಕುತೂಹಲ.
– ಗೃಹಿಣಿ, ಬನಶಂಕರಿ ಎರಡನೇ ಹಂತ

ಉತ್ತರ: ಬೋರ್ಡ್ ಓದಿ ಹಾಗೇ ಮುಂದೆ ಹೋಗದೆ ಕೇಳಿದ್ದು ಒಳ್ಳೆಯದಾಯಿತು. ನೀವು ಕೇಳಿರುವುದು ಮೂರು ಸಂದೇಹ: ಈ ಮೂರಕ್ಕೂ ಸಂಬಂಧವೇನು, ಮೆದುಳಿನ ಹತ್ತಿರ ಕಿವಿ ಡಾಕ್ಟರು ಏಕೆ ಹೋಗುತ್ತಾರೆ, ಗೊರಕೆಗೆ ಚಾಕು ಬೇಕೇ. ಆದರೆ ಪತ್ರದ ಕೊನೆಯಲ್ಲಿ ನೀವು ಮನೆಯವರ ಬಗ್ಗೆ ಬರೆದ ಮಾತು ನನಗೆ ಹೆಚ್ಚು ಮುಖ್ಯವಾಗಿ ಕಂಡಿತು. ಗೊರಕೆಗೆ ಆಪರೇಷನ್ ಯೋಚಿಸುತ್ತಿದ್ದೀರಿ, ಸೋರುವ ಕಿವಿಯನ್ನು ಅದರ ಪಾಡಿಗೆ ಬಿಟ್ಟಿದ್ದೀರಿ. ಸಾಮಾನ್ಯವಾಗಿ ಇದು ತಿರುಗುಮುರುಗು ಆಗಬೇಕು. ಏಕೆಂದು ವಿವರಿಸುತ್ತೇನೆ, ಮೊದಲು ಬೋರ್ಡಿನ ವಿಷಯ ಮುಗಿಸೋಣ.

ಜಯನಗರ, ಬನಶಂಕರಿಯಲ್ಲಿ ಕೆಳಗೆ ಓನರ್, ಮೇಲೆ ಬಾಡಿಗೆಯವರು ಇರುವ ಮನೆಗಳು ಎಷ್ಟೋ ಇವೆ. ಕೆಳಮನೆಯ ಚಾವಣಿಯೇ ಮೇಲ್ಮನೆಯ ನೆಲ. ಮೇಲೆ ಬಚ್ಚಲು ಸೋರಿದರೆ ಕೆಳಗೆ ಒದ್ದೆ, ಕೆಳಗೆ ಬೆಂಕಿ ಬಿದ್ದರೆ ಮೇಲೆ ಹೊಗೆ. ನಮ್ಮ ತಲೆಯೂ ಹೀಗೆಯೇ. ಮೇಲಂತಸ್ತಿನಲ್ಲಿ ಮೆದುಳು, ಕೆಳಗೆ ಮೂಗು, ಕಿವಿ, ಗಂಟಲು. ನಡುವೆ ಇರುವ ಮೂಳೆಯ ಹಾಸನ್ನೇ ಬೋರ್ಡಿನಲ್ಲಿ ಸ್ಕಲ್ ಬೇಸ್, ಅಂದರೆ ತಲೆಬುರುಡೆಯ ತಳ ಎಂದಿದ್ದಾರೆ. ಮೂಗಿನ ಮೇಲ್ಭಾಗ ಈ ಹಾಸಿನ ಒಂದು ಕಡೆ, ಕಿವಿ ಇನ್ನೊಂದು ಕಡೆ. ಕಣ್ಣಿಗೆ ಕಾಣುವ ಕಿವಿ ಹೊರಬಾಗಿಲು ಮಾತ್ರ. ತಮಟೆ, ಅದರ ಹಿಂದಿನ ಮೂರು ಪುಟ್ಟ ಮೂಳೆಗಳು, ಒಳಗಿವಿ ಇವೆಲ್ಲ ಟೆಂಪೊರಲ್ ಎಂಬ ಮೂಳೆಯೊಳಗೆ ಹುದುಗಿವೆ. ಆ ಮೂಳೆಯೇ ತಲೆಬುರುಡೆಯ ತಳದ ಒಂದು ಭಾಗ.

ಅಳತೆ ಹೇಳಿದರೆ ಇನ್ನೂ ಸ್ಪಷ್ಟವಾಗುತ್ತದೆ. ಕಿವಿ ತಮಟೆಯ ಅಗಲ ಹೆಚ್ಚುಕಡಿಮೆ 9ರಿಂದ 10 ಮಿಲಿಮೀಟರ್. ಸ್ಟೇಪಿಸ್ ಎಂಬ ಮೂಳೆ ದೇಹದಲ್ಲೇ ಅತಿ ಚಿಕ್ಕದು, ಸುಮಾರು 3 ಮಿಲಿಮೀಟರ್. ನಡುಗಿವಿಯ ಚಾವಣಿಯ ಮೂಳೆ ಕೆಲವೆಡೆ 1 ಮಿಲಿಮೀಟರಿಗೂ ಕಡಿಮೆ ದಪ್ಪ, ಅದರ ಮೇಲೆಯೇ ಮೆದುಳಿನ ಹೊದಿಕೆ. ಮುಖದ ಒಂದು ಪಕ್ಕವನ್ನು ಆಡಿಸುವ ನರ ನಡುಗಿವಿಯ ಗೋಡೆಯಲ್ಲೇ ಹಾದು ಬರುತ್ತದೆ. ಕಿವಿಯ ಹಿಂಬದಿಯ ಮೂಳೆಗೆ ಒತ್ತಿಕೊಂಡಂತೆ, ಮೆದುಳಿನಿಂದ ರಕ್ತ ಇಳಿಸುವ ದೊಡ್ಡ ರಕ್ತನಾಳವಿದೆ. ಇಷ್ಟು ಕಿರಿದಾದ ಜಾಗದಲ್ಲಿ ವರ್ಷಗಟ್ಟಲೆ ಮೂಳೆ ಕೊರೆದು ಪಳಗಿದವರು ಅದೇ ದಾರಿಯಲ್ಲಿ ಇನ್ನೂ ಕೆಲವು ಮಿಲಿಮೀಟರ್ ಮುಂದೆ ಹೋಗುತ್ತಾರೆ. ಅವರೇ ಸ್ಕಲ್ ಬೇಸ್ ಸರ್ಜನ್ನರು.

ಮೂಗಿನ ಕಡೆಯ ನೆರೆಹೊರೆಯನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2021ರ ಮೇ ತಿಂಗಳು ನೆನಪಿದೆಯಲ್ಲವೇ? ಕೋವಿಡ್ ಎರಡನೇ ಅಲೆಯ ಬೆನ್ನಿಗೇ ಕಪ್ಪು ಶಿಲೀಂಧ್ರ ಬಂತು. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದ್ದವರಲ್ಲಿ, ಸ್ಟೀರಾಯ್ಡ್ ತೆಗೆದುಕೊಂಡಿದ್ದವರಲ್ಲಿ ಅದು ಮೂಗಿನಲ್ಲಿ ಬೇರೂರಿ, ಪಕ್ಕದ ಸೈನಸ್‌ಗಳಿಗೆ, ಅಲ್ಲಿಂದ ಕಣ್ಣಿನ ಗೂಡಿಗೆ, ಕೆಲವರಲ್ಲಿ ಮೆದುಳಿಗೂ ಹಬ್ಬಿತು. ಬೌರಿಂಗ್ ಆಸ್ಪತ್ರೆಯಲ್ಲಿ ಅದಕ್ಕೆಂದೇ ಚಿಕಿತ್ಸಾ ಕೇಂದ್ರ ತೆರೆದರು. ಆಂಫೊಟೆರಿಸಿನ್ ಇಂಜೆಕ್ಷನ್‌ಗಾಗಿ ಜನ ಊರೆಲ್ಲ ಅಲೆದರು. ಆಗ ಮೂಗಿನ ಹೊಳ್ಳೆಯಿಂದಲೇ ಎಂಡೋಸ್ಕೋಪ್ ತೂರಿಸಿ, ಸತ್ತ ಅಂಗಾಂಶವನ್ನು ಕಣ್ಣಿನ, ಮೆದುಳಿನ ಅಂಚಿನವರೆಗೂ ಹೋಗಿ ತೆಗೆದವರು ಇಎನ್‌ಟಿ ಸರ್ಜನ್ನರು. ಮೂಗಿನ ಡಾಕ್ಟರಿಗೂ ಮೆದುಳಿಗೂ ಎಷ್ಟು ದೂರ ಎಂಬುದು ಆ ಬೇಸಿಗೆಯಲ್ಲಿ ಎಲ್ಲರಿಗೂ ತಿಳಿದುಹೋಯಿತು.

ಈ ನಂಟು ಇತ್ತೀಚಿನದಲ್ಲ. 1910ರ ಹೊತ್ತಿಗೇ ವಿಯೆನ್ನಾದ ಆಸ್ಕರ್ ಹಿರ್ಷ್ ಎಂಬ ಮೂಗಿನ ತಜ್ಞ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗೆಡ್ಡೆಯನ್ನು ಮೂಗಿನ ಮೂಲಕ ಮುಟ್ಟಿದ್ದ. 1921ರಲ್ಲಿ ಸ್ವೀಡನ್ನಿನ ಕಾರ್ಲ್ ನೈಲೆನ್ ಕಿವಿಯ ಆಪರೇಷನ್ನಿಗೆ ಸೂಕ್ಷ್ಮದರ್ಶಕ ಬಳಸಿದ. ಆಪರೇಷನ್ ಥಿಯೇಟರಿಗೆ ಸೂಕ್ಷ್ಮದರ್ಶಕ ಬಂದದ್ದೇ ಕಿವಿಯವರಿಂದ, ಮೆದುಳಿನವರು ಅದನ್ನು ಕೈಗೆತ್ತಿಕೊಂಡದ್ದು ಆಮೇಲೆ. 1960ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸ್‌ನ ಕಿವಿ ಸರ್ಜನ್ ವಿಲಿಯಂ ಹೌಸ್ (ಮೊದಲು ಹಲ್ಲಿನ ಡಾಕ್ಟರಾಗಿದ್ದವರು), ನರಶಸ್ತ್ರಚಿಕಿತ್ಸಕ ವಿಲಿಯಂ ಹಿಟ್ಸೆಲ್‌ಬರ್ಗರ್ ಜೊತೆ ಸೇರಿ ಒಳಗಿವಿಯ ಮೂಳೆಯ ಮೂಲಕವೇ ಶ್ರವಣ ನರದ ಗೆಡ್ಡೆ ತೆಗೆಯುವ ದಾರಿಯನ್ನು ಬೆಳೆಸಿದರು. ಇಬ್ಬರು ಸರ್ಜನ್ನರು ಒಂದೇ ಮೇಜಿನ ಎರಡು ಬದಿ ನಿಲ್ಲುವ ಪದ್ಧತಿ ಹಾಗೆ ಬೇರೂರಿತು.

ನಿಮ್ಮ ಮನೆಗೆ ದೂರವಲ್ಲದ ಹೊಸೂರು ರಸ್ತೆಯಲ್ಲೇ ಇದಕ್ಕೊಂದು ಒಳ್ಳೆಯ ಅಧ್ಯಾಯವಿದೆ. ತಲೆಬುರುಡೆಯ ತಳದಲ್ಲಿ ನರಗಳು, ರಕ್ತನಾಳಗಳು ಹಾಯಲು ಸಹಜವಾಗಿಯೇ ಹಲವು ರಂಧ್ರಗಳಿವೆ. 1960ರ ದಶಕದಲ್ಲಿ ಬೆಂಗಳೂರಿನ ನರಶಸ್ತ್ರಚಿಕಿತ್ಸಕ ಡಾ. ಆರ್. ಮಾರ್ತಾಂಡ ವರ್ಮ ಅವರು ಪಾರ್ಕಿನ್‌ಸನ್ ರೋಗಿಗಳ ನಡುಕ ಕಡಿಮೆ ಮಾಡಲು, ಬುರುಡೆಯನ್ನು ಮೇಲಿನಿಂದ ಕೊರೆಯದೆ, ಕೆನ್ನೆಯ ಕಡೆಯಿಂದ ಫೊರಾಮೆನ್ ಒವೇಲ್ ಎಂಬ ಅಂಥದೊಂದು ರಂಧ್ರದ ಮೂಲಕ ಸೂಜಿ ಹಾಯಿಸುವ ವಿಧಾನ ರೂಪಿಸಿದರು. 1974ರಲ್ಲಿ ಅದೇ ಹೊಸೂರು ರಸ್ತೆಯ ನಿಮ್ಹಾನ್ಸ್ ಸ್ಥಾಪನೆಯಾದಾಗ ಅದರ ಮೊದಲ ನಿರ್ದೇಶಕರೂ ಅವರೇ. ಇಂದು ಪಾರ್ಕಿನ್‌ಸನ್‌ಗೆ ಬೇರೆ ಚಿಕಿತ್ಸೆಗಳು ಬಂದಿವೆ. ಮೆದುಳಿಗೆ ತಳದ ಕಡೆಯಿಂದ ಹೋಗಬಹುದೆಂಬ ಯೋಚನೆಗೆ ಈ ಊರಿನಲ್ಲಿ ಅಷ್ಟು ಹಳೆಯ ಬೇರಿದೆ.

ಇನ್ನು ಅತ್ತೆಯವರ ಕಿವಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಸೋರುವ ಕಿವಿಗಳಲ್ಲಿ ಎರಡು ಜಾತಿ. ಮೊದಲನೆಯದರಲ್ಲಿ ತಮಟೆಯ ನಡುವೆ ತೂತು ಇರುತ್ತದೆ. ನೆಗಡಿ ಬಂದಾಗ, ತಲೆಗೆ ಸ್ನಾನ ಮಾಡಿದಾಗ ನೀರಾದ, ಲೋಳೆಯಂಥ ಸ್ರಾವ ಬರುತ್ತದೆ, ಔಷಧ ಹಾಕಿದರೆ ನಿಲ್ಲುತ್ತದೆ. ಇದರಿಂದ ಪ್ರಾಣಕ್ಕೆ ಅಪಾಯ ಅಪರೂಪ. ಕಿವಿಯ ಮೇಲ್ಭಾಗದ ಸ್ನಾಯುವಿನ ಹೊದಿಕೆಯಿಂದ ತೆಳುವಾದ ತುಂಡು ತೆಗೆದು ತೂತಿಗೆ ತೇಪೆ ಹಾಕುವ ಟಿಂಪನೊಪ್ಲಾಸ್ಟಿ ಇದಕ್ಕೆ ಸಾಮಾನ್ಯ ಆಪರೇಷನ್. ಅವಸರವಿಲ್ಲ, ಅನುಕೂಲ ನೋಡಿಕೊಂಡು ಮಾಡಿಸಬಹುದು.

ಎರಡನೆಯದಕ್ಕೆ ಕೊಲೆಸ್ಟಿಯಟೋಮ ಎಂದು ಹೆಸರು. ಹೆಸರು ಕೇಳಿದರೆ ಕ್ಯಾನ್ಸರ್ ಅನ್ನಿಸುತ್ತದೆ, ಅಲ್ಲ. ಹೊರಗಿರಬೇಕಾದ ಚರ್ಮ ತಮಟೆಯ ಒಳಬದಿಗೆ ಸೇರಿಕೊಂಡು ಅಲ್ಲಿ ಪದರ ಪದರವಾಗಿ ಬೆಳೆಯುತ್ತದೆ. ಚರ್ಮ ದಿನವೂ ಹೊಪ್ಪಳೆ ಉದುರಿಸುತ್ತದೆ. ಹೊರಗಾದರೆ ಸ್ನಾನದಲ್ಲಿ ಹೋಗುತ್ತದೆ, ಒಳಗೆ ಎಲ್ಲಿಗೆ ಹೋಗಬೇಕು? ಅಲ್ಲೇ ಕೂಡಿಕೊಂಡು, ಕೊಳೆತು, ಸುತ್ತಲಿನ ಮೂಳೆಯನ್ನು ಕರಗಿಸುತ್ತ ಹೋಗುತ್ತದೆ. ಸ್ರಾವ ಸ್ವಲ್ಪವೇ ಇರಬಹುದು, ಆದರೆ ಕೆಟ್ಟ ವಾಸನೆ ಇರುತ್ತದೆ. ನೋವು ಇರಲೇಬೇಕೆಂದಿಲ್ಲ. ‘ನೋವಿಲ್ಲವಲ್ಲ, ಬಿಡು’ ಎಂದು ಹಿರಿಯರು ವರ್ಷಾನುಗಟ್ಟಲೆ ಹತ್ತಿ ಇಟ್ಟುಕೊಂಡು ಓಡಾಡುವುದು ಇದೇ ಕಾರಣಕ್ಕೆ. ಮೊದಲು ಕಿವಿಯ ಪುಟ್ಟ ಮೂಳೆಗಳು ಸವೆದು ಕೇಳಿಸುವುದು ಕಡಿಮೆಯಾಗುತ್ತದೆ. ಆಮೇಲೆ ಮುಖದ ನರ ತಗುಲಿದರೆ ಬಾಯಿ ಸೊಟ್ಟಗಾಗುತ್ತದೆ, ಒಳಗಿವಿ ತಗುಲಿದರೆ ತಲೆ ಸುತ್ತು, ಚಾವಣಿ ಸವೆದರೆ ಮೆದುಳಿನ ಹೊದಿಕೆಯ ಸೋಂಕು ಅಥವಾ ಮೆದುಳಿನಲ್ಲೇ ಕೀವು.

ಇದಕ್ಕೆ ಮಾತ್ರೆಯೂ ಇಲ್ಲ, ಹನಿ ಔಷಧವೂ ಇಲ್ಲ. ಹನಿ ಹಾಕಿದರೆ ಕೆಲವು ದಿನ ಒಣಗುತ್ತದೆ ಅಷ್ಟೇ. ಮಾಸ್ಟಾಯ್ಡೆಕ್ಟಮಿ ಎಂಬ ಆಪರೇಷನ್ನೇ ಬೇಕು: ಕಿವಿಯ ಹಿಂದಿನ ಮೂಳೆಯನ್ನು ಸೂಕ್ಷ್ಮದರ್ಶಕದಡಿ ಕೊರೆದು, ಆ ಚರ್ಮದ ಚೀಲವನ್ನು ಪೂರ್ತಿಯಾಗಿ ತೆಗೆಯುತ್ತಾರೆ. ಒಂದು ವಿಷಯವನ್ನು ಮೊದಲೇ ತಿಳಿದುಕೊಂಡಿರಬೇಕು. ಈ ಆಪರೇಷನ್ನಿನ ಮೊದಲ ಗುರಿ ಅಪಾಯವಿಲ್ಲದ, ಒಣಗಿದ ಕಿವಿ. ಕೇಳಿಸುವುದು ಸುಧಾರಿಸುವುದು ಎರಡನೆಯ ಗುರಿ, ಕೆಲವೊಮ್ಮೆ ಅದು ಇನ್ನೊಂದು ಆಪರೇಷನ್‌ಗೆ ಉಳಿಯುತ್ತದೆ. ಚೂರು ಚರ್ಮ ಉಳಿದರೂ ಮತ್ತೆ ಬೆಳೆಯಬಹುದಾದ್ದರಿಂದ ವರ್ಷಗಳವರೆಗೆ ತೋರಿಸುತ್ತಲೇ ಇರಬೇಕು. ‘ಆಪರೇಷನ್ ಆದರೂ ಕಿವಿ ಕೇಳಿಸಲಿಲ್ಲ’ ಎಂಬ ದೂರು ನಮ್ಮ ಕಡೆ ಬಹಳ. ಹೆಚ್ಚಿನ ಸಲ ಅದು ಆಪರೇಷನ್ನಿನ ಸೋಲಲ್ಲ, ಮೊದಲೇ ಯಾರೂ ಬಿಡಿಸಿ ಹೇಳದ್ದರ ಫಲ.

ನಿಮ್ಮ ಅತ್ತೆಯವರದು ಯಾವ ಜಾತಿ ಎಂದು ಪತ್ರ ಓದಿ ಹೇಳಲಾಗದು. ಯಾವುದೇ ಇಎನ್‌ಟಿ ಕ್ಲಿನಿಕ್ಕಿನಲ್ಲಿ ಕಿವಿ ಶುಚಿ ಮಾಡಿ ಸೂಕ್ಷ್ಮದರ್ಶಕದಲ್ಲೋ ಎಂಡೋಸ್ಕೋಪಿನಲ್ಲೋ ನೋಡಿದರೆ ಬಹುಮಟ್ಟಿಗೆ ಗೊತ್ತಾಗುತ್ತದೆ. ಜೊತೆಗೆ ಆಡಿಯೊಗ್ರಾಮ್, ಅನುಮಾನವಿದ್ದರೆ ಕಿವಿಯ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ಅಲ್ಲಿಯವರೆಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವುದು, ಹೇರ್‌ಪಿನ್ನಿನಿಂದ ಗುಗ್ಗೆ ತೆಗೆಯುವುದು ಬೇಡ. ಸೋರುವ ಕಿವಿಯ ಜೊತೆ ಬಾಯಿ ಸೊಟ್ಟಗಾದರೆ, ತಲೆ ಸುತ್ತಿದರೆ, ಕಿವಿಯ ಹಿಂದೆ ಊದಿದರೆ, ಜ್ವರದೊಂದಿಗೆ ವಿಪರೀತ ತಲೆನೋವು ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ತುರ್ತು: ಚೆನ್ನಾಗಿದ್ದ ಒಂದು ಕಿವಿ ಒಂದೆರಡು ದಿನದಲ್ಲಿ ಏಕಾಏಕಿ ಮಂದವಾದರೆ ‘ಗುಗ್ಗೆ ಇರಬೇಕು’ ಎಂದು ವಾರ ಕಳೆಯಬೇಡಿ. ಅದು ನರದ ತೊಂದರೆಯಾಗಿದ್ದರೆ ಸ್ಟೀರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು.

ಹುಟ್ಟಿನಿಂದ ಕೇಳಿಸದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಕೂರಿಸುವವರೂ ಇದೇ ಕಿವಿ ಸರ್ಜನ್ನರು. ಇದಕ್ಕೆ ಕೇಂದ್ರದ ಎಡಿಐಪಿ ಯೋಜನೆ, ರಾಜ್ಯದ ಶ್ರವಣ ಸಂಜೀವಿನಿ ಕಾರ್ಯಕ್ರಮ ನೆರವಾಗುತ್ತವೆ. ಮಗು ಎಳೆಯದಿದ್ದಷ್ಟೂ ಫಲ ಹೆಚ್ಚು, ಆಪರೇಷನ್ ಆದ ಮೇಲಿನ ಮಾತಿನ ತರಬೇತಿಯಂತೂ ಅಷ್ಟೇ ಮುಖ್ಯ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ತರಬೇತಿಗೆ, ಶ್ರವಣ ಪರೀಕ್ಷೆಗೆ ಹೆಸರಾದದ್ದು.

ಬೋರ್ಡಿನ ಎರಡನೇ ಪದ ಕೇಳಲು ಭಯಂಕರವಾದರೂ ಅದರ ಅಗತ್ಯ ಬೀಳುವವರು ಕಡಿಮೆ, ಹಾಗಾಗಿ ಚಿಕ್ಕದಾಗಿ ಮುಗಿಸುತ್ತೇನೆ. ಒಂದೇ ಕಿವಿ ಮೆಲ್ಲಮೆಲ್ಲನೆ ಮಂದವಾಗುತ್ತ, ಅದೇ ಕಿವಿಯಲ್ಲಿ ಗುಯ್ಗುಡುತ್ತಿದ್ದರೆ ವೈದ್ಯರು ಎಂ.ಆರ್.ಐ. ಬರೆಯುತ್ತಾರೆ. ಸಮತೋಲನದ ನರದ ಮೇಲೆ ಬೆಳೆಯುವ ಅಕೌಸ್ಟಿಕ್ ನ್ಯೂರೋಮ ಎಂಬ ಗೆಡ್ಡೆ ಇದೆಯೇ ಎಂದು ನೋಡುವುದಕ್ಕೆ. ಅದು ಕ್ಯಾನ್ಸರ್ ಅಲ್ಲ, ಬೆಳೆಯುವುದು ನಿಧಾನ. ಚಿಕ್ಕದಿದ್ದರೆ ಆಗಾಗ ಸ್ಕ್ಯಾನ್ ಮಾಡಿಸಿ ಕಾದು ನೋಡಬಹುದು, ವಿಕಿರಣದ ಚಿಕಿತ್ಸೆ ಕೊಡಬಹುದು, ಬೇಕಾದರೆ ಆಪರೇಷನ್. ಇನ್ನೊಂದು, ಬಗ್ಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕುವುದು. ಎಲ್ಲರೂ ನೆಗಡಿ ಎನ್ನುತ್ತಾರೆ. ಕೆಲವರಲ್ಲಿ ಅದು ಮೇಲಂತಸ್ತಿನ ನೀರೇ, ಮೆದುಳಿನ ಸುತ್ತಲ ದ್ರವ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಖಚಿತವಾದರೆ ಮೂಗಿನ ಮೂಲಕವೇ ತೂತು ಮುಚ್ಚುತ್ತಾರೆ. ತಲೆ ತೆರೆಯುವ ಅಗತ್ಯ ಹೆಚ್ಚಿನವರಿಗೆ ಬೀಳುವುದಿಲ್ಲ. ಇಂಥ ಕಡೆ ಇಎನ್‌ಟಿ ಮತ್ತು ನರಶಸ್ತ್ರಚಿಕಿತ್ಸಕರು ಜೊತೆಯಾಗಿಯೇ ಕೆಲಸ ಮಾಡುತ್ತಾರೆ. ಆದ್ದರಿಂದ ‘ಯಾರ ಕೆಲಸ’ ಎಂಬ ನಿಮ್ಮ ಪ್ರಶ್ನೆಗೆ ಉತ್ತರ, ಇಬ್ಬರದೂ.

ಈಗ ಯಜಮಾನರ ಗೊರಕೆ. ಇಲ್ಲಿ ಬಹಳ ಜನಕ್ಕೆ ಆಗುವ ಒಂದು ಗೊಂದಲವನ್ನು ಮೊದಲು ಬಿಡಿಸಬೇಕು. ಗೊರಕೆ ಎಂಬುದು ಸದ್ದು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ, ಅಂಗುಳಿನ ಹಿಂಭಾಗ, ಕಿರುನಾಲಿಗೆ ಉಸಿರಿಗೆ ಅದುರಿದಾಗ ಬರುವ ಸದ್ದು. ಕಾಯಿಲೆ ಇರುವುದು ಸದ್ದಿನಲ್ಲಲ್ಲ, ಸದ್ದು ನಿಂತಾಗ. ಜೋರಾಗಿ ಗೊರಕೆ ಹೊಡೆಯುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾಗುತ್ತಾರೆ, ಎದೆ ಎಳೆಯುತ್ತಿರುತ್ತದೆ, ಗಾಳಿ ಒಳಗೆ ಹೋಗುತ್ತಿರುವುದಿಲ್ಲ, ಆಮೇಲೆ ಗಕ್ಕನೆ ಉಸಿರೆಳೆದುಕೊಂಡು ಮತ್ತೆ ಗೊರಕೆ. ಇದು ಸ್ಲೀಪ್ ಆಪ್ನಿಯ. ರಾತ್ರಿಯೆಲ್ಲ ಹೀಗಾದರೆ ರಕ್ತದ ಆಮ್ಲಜನಕ ಇಳಿಯುತ್ತದೆ, ಬಿ.ಪಿ. ಏರುತ್ತದೆ, ಹೃದಯಕ್ಕೆ ಹೊರೆ, ಹಗಲಲ್ಲಿ ತೂಕಡಿಕೆ. ಬಿಟಿಎಂ ಲೇಔಟಿನಿಂದ ಸಿಲ್ಕ್ ಬೋರ್ಡಿನ ಕಡೆ ಗಾಡಿ ಓಡಿಸುವವರಿಗೆ ಆ ತೂಕಡಿಕೆ ಎಂಥ ಅಪಾಯ ಎಂದು ಬೇರೆ ಹೇಳಬೇಕೇ?

ಆದ್ದರಿಂದ ಮೊದಲ ಹೆಜ್ಜೆ ಆಪರೇಷನ್ ಅಲ್ಲ, ಅಳತೆ. ಮನೆಯಲ್ಲೇ ನೀವು ಗಮನಿಸಬಹುದು: ಗೊರಕೆ ಜೋರೇ, ಹಗಲು ಸುಸ್ತೇ, ಉಸಿರು ನಿಲ್ಲುವುದನ್ನು ಯಾರಾದರೂ ನೋಡಿದ್ದಾರೆಯೇ, ಬಿ.ಪಿ. ಇದೆಯೇ, ಬೊಜ್ಜು ವಿಪರೀತವೇ, ವಯಸ್ಸು 50 ದಾಟಿದೆಯೇ, ಕತ್ತಿನ ಸುತ್ತಳತೆ 40 ಸೆಂಟಿಮೀಟರಿಗೆ ಮೀರಿದೆಯೇ, ಗಂಡಸೇ. ಇವುಗಳಲ್ಲಿ ಮೂರಕ್ಕಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, ಮೂರು ಅಥವಾ ಹೆಚ್ಚಿಗೆ ‘ಹೌದು’ ಬಂದರೆ ನಿದ್ರೆಯ ಪರೀಕ್ಷೆ ಮಾಡಿಸುವುದು ಮೇಲು. ನಿಮ್ಮ ಯಜಮಾನರಿಗೆ ಕೊನೆಯದರಲ್ಲಿ ಒಂದು ಅಂಕ ಈಗಾಗಲೇ ಬಂದಾಯಿತು. ಪರೀಕ್ಷೆಯಲ್ಲಿ ಒಂದು ರಾತ್ರಿ ಮೈಗೆ ತಂತಿಗಳನ್ನು ಅಂಟಿಸಿ ಉಸಿರು, ಆಮ್ಲಜನಕ, ನಿದ್ದೆಯ ಆಳ ಎಲ್ಲ ದಾಖಲಿಸುತ್ತಾರೆ. ಚಿಕ್ಕ ಯಂತ್ರ ಕೊಟ್ಟು ಮನೆಯಲ್ಲೇ ಮಾಡಿಸುವ ಬಗೆಯೂ ಇದೆ. ಗಂಟೆಗೆ ಎಷ್ಟು ಸಲ, ತಲಾ 10 ಸೆಕೆಂಡಾದರೂ ಉಸಿರು ನಿಂತಿತು ಅಥವಾ ತಗ್ಗಿತು ಎಂದು ಎಣಿಸುತ್ತಾರೆ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ.

1981ರಲ್ಲಿ ಎರಡು ಸಂಗತಿ ನಡೆದವು. ಸಿಡ್ನಿಯ ಕಾಲಿನ್ ಸಲ್ಲಿವನ್ ಮೂಗಿಗೆ ಮಾಸ್ಕ್ ಕಟ್ಟಿ ಸಣ್ಣ ಒತ್ತಡದ ಗಾಳಿಯಿಂದ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ಪ್ರಕಟಿಸಿದರು. ಅದೇ ವರ್ಷ ಶಿರೊ ಫುಜಿತ ಎಂಬ ಸರ್ಜನ್, ಅಂಗುಳಿನ ಹಿಂಭಾಗ ಮತ್ತು ಟಾನ್ಸಿಲ್ ತೆಗೆದು ಗಂಟಲು ಅಗಲ ಮಾಡುವ ಆಪರೇಷನ್ನನ್ನು ಆಪ್ನಿಯಕ್ಕೆ ಪರಿಚಯಿಸಿದರು. ನಲವತ್ತಕ್ಕೂ ಹೆಚ್ಚು ವರ್ಷಗಳ ಅನುಭವದಲ್ಲಿ ಮಧ್ಯಮ, ತೀವ್ರ ಆಪ್ನಿಯ ಇರುವ ದೊಡ್ಡವರಿಗೆ ಮೊದಲ ಚಿಕಿತ್ಸೆಯಾಗಿ ಉಳಿದದ್ದು ಯಂತ್ರ. ಆಪರೇಷನ್ ಫಲ ಎಲ್ಲರಲ್ಲೂ ಒಂದೇ ಸಮ ಇಲ್ಲ. ಟಾನ್ಸಿಲ್ ದಪ್ಪಗಿರುವವರಿಗೆ ಚೆನ್ನಾಗಿ ಒದಗುತ್ತದೆ, ತಡೆ ನಾಲಿಗೆಯ ಬುಡದಲ್ಲಿದ್ದರೆ ಅಂಗುಳು ಕತ್ತರಿಸಿ ಪ್ರಯೋಜನವೇನು? ಅದಕ್ಕೇ ಈಗ ನಿದ್ದೆಯ ಔಷಧ ಕೊಟ್ಟು, ಆ ಸ್ಥಿತಿಯಲ್ಲಿ ಎಂಡೋಸ್ಕೋಪ್ ಇಳಿಸಿ ತಡೆ ಎಲ್ಲಿದೆ ಎಂದು ಕಣ್ಣಾರೆ ನೋಡಿ, ಆಮೇಲೆ ನಿರ್ಧರಿಸುತ್ತಾರೆ. ಇದನ್ನು ಮಾಡದೆ, ನಿದ್ರೆಯ ಪರೀಕ್ಷೆಯನ್ನೂ ಮಾಡಿಸದೆ ‘ಲೇಸರಿನಲ್ಲಿ ಗೊರಕೆ ಮಾಯ’ ಎನ್ನುವವರಿದ್ದರೆ ಅಲ್ಲಿಂದ ಎದ್ದು ಬನ್ನಿ. ಅಂಗುಳು ಕತ್ತರಿಸಿದಾಗ ಸದ್ದು ನಿಂತು, ಉಸಿರು ನಿಲ್ಲುವುದು ಹಾಗೇ ಮುಂದುವರಿಯಬಹುದು. ಆಗ ಎಚ್ಚರಿಸುತ್ತಿದ್ದ ಗಂಟೆಯೂ ಹೋದಂತೆ.

ಹಾಗೆಂದು ಆಪರೇಷನ್ನಿಗೆ ಜಾಗವೇ ಇಲ್ಲವೆಂದಲ್ಲ. ಯಂತ್ರ ಹೊಂದದವರಿಗೆ, ತಡೆಯ ಜಾಗ ಸ್ಪಷ್ಟವಾಗಿರುವವರಿಗೆ ಅದು ಒಳ್ಳೆಯ ದಾರಿ. ಮೂಗಿನ ನಡುಗೋಡೆ ಸೊಟ್ಟಗಿದ್ದರೆ ಅದನ್ನು ನೇರ ಮಾಡುವುದರಿಂದ ಆಪ್ನಿಯ ಹೋಗುವುದು ಅಪರೂಪ, ಆದರೆ ಮಾಸ್ಕ್ ಹಾಕಿಕೊಳ್ಳಲು ಸಲೀಸಾಗುತ್ತದೆ. ಮಕ್ಕಳಲ್ಲಿ ಮಾತ್ರ ಲೆಕ್ಕ ಬೇರೆ: ಬಾಯಿ ತೆರೆದು ಮಲಗುವ, ಗೊರಕೆ ಹೊಡೆಯುವ, ಆಪ್ನಿಯ ಇರುವ ಮಗುವಿಗೆ ದಪ್ಪಗಾದ ಅಡಿನಾಯ್ಡ್, ಟಾನ್ಸಿಲ್ ತೆಗೆಯುವುದೇ ಸಾಮಾನ್ಯವಾಗಿ ಮೊದಲ ಚಿಕಿತ್ಸೆ. ನಿಮ್ಮ ಯಜಮಾನರು ಪರೀಕ್ಷೆಗೆ ಹೋಗುವ ಮೊದಲು ಮಗ್ಗುಲಾಗಿ ಮಲಗುವುದನ್ನು, ಕುಡಿಯುವ ಅಭ್ಯಾಸವಿದ್ದರೆ ರಾತ್ರಿ ಬಿಡುವುದನ್ನು, ತೂಕ ಇಳಿಸುವುದನ್ನು ಶುರುಮಾಡಲಿ. ಹೋಗುವಾಗ ನೀವು ಫೋನಿನಲ್ಲಿ ಎರಡು ನಿಮಿಷ ವಿಡಿಯೊ ಮಾಡಿ ಕಳಿಸಿ. ಮಲಗಿದವರಿಗೆ ತಮ್ಮ ಕಾಯಿಲೆ ಗೊತ್ತಿರುವುದಿಲ್ಲ, ಸಾಕ್ಷಿ ನೀವೇ.

ಕೊನೆಗೆ, ಎಲ್ಲಿಗೆ ಹೋಗಬೇಕು? ಶುರುವಿಗೇ ದೊಡ್ಡ ಬೋರ್ಡ್ ಬೇಕಿಲ್ಲ. ನಿಮ್ಮ ಬಡಾವಣೆಯ ಇಎನ್‌ಟಿ ವೈದ್ಯರು, ಇಲ್ಲವೇ ಜಯನಗರದ ಸರ್ಕಾರಿ ಜನರಲ್ ಆಸ್ಪತ್ರೆ, ವಿಶ್ವೇಶ್ವರಪುರದ ಕಿಮ್ಸ್‌ನಂಥ ಬೋಧನಾ ಆಸ್ಪತ್ರೆ ಸಾಕು. ಸೋರುವ ಕಿವಿ ಹಿಡಿದು ನೇರವಾಗಿ ನಿಮ್ಹಾನ್ಸ್‌ಗೆ ಹೋಗಬೇಡಿ, ಅದು ಮೆದುಳು, ನರ, ಮನಸ್ಸಿನ ಆಸ್ಪತ್ರೆ. ನಿದ್ರೆಯ ತೊಂದರೆಗೆ, ತಲೆಬುರುಡೆಯ ತಳದ ಗೆಡ್ಡೆಗೆ ಅಲ್ಲಿಗೆ ಕಳಿಸುವವರು ನಿಮ್ಮ ವೈದ್ಯರೇ. ಆಪರೇಷನ್ ಎಂದು ಬರೆದುಕೊಟ್ಟರೆ ಸಂಕೋಚವಿಲ್ಲದೆ ಕೇಳಿ: ಎಂ.ಎಸ್. ಅಥವಾ ಡಿ.ಎನ್.ಬಿ. ಆದ ಮೇಲೆ ಈ ಕೆಲಸದಲ್ಲೇ ಫೆಲೋಶಿಪ್ ಮಾಡಿದ್ದೀರಾ, ಇಂಥವನ್ನು ಎಷ್ಟು ಸಲ ಮಾಡಿದ್ದೀರಿ, ಮುಖದ ನರವನ್ನು ಆಪರೇಷನ್ ವೇಳೆ ಗಮನಿಸುವ ಯಂತ್ರ ಇದೆಯೇ, ಬೇಕಾದರೆ ನರಶಸ್ತ್ರಚಿಕಿತ್ಸಕರು ಮತ್ತು ಐಸಿಯು ಅದೇ ಕಟ್ಟಡದಲ್ಲಿ ಸಿಗುತ್ತಾರೆಯೇ. ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಬೇಸರಿಸುವುದಿಲ್ಲ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಅನೇಕ ಚಿಕಿತ್ಸೆಗಳಿಗೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುವುದರಿಂದ ಅಲ್ಲಿಂದಲೇ ಶುರುಮಾಡುವುದು ಅನುಕೂಲ.

ಇಬ್ಬರನ್ನೂ ಒಂದೇ ದಿನ ಕರೆದುಕೊಂಡು ಹೋಗುವುದಾದರೆ ಟೋಕನ್ ಮೊದಲು ಅತ್ತೆಯವರ ಹೆಸರಿಗೆ ತೆಗೆದುಕೊಳ್ಳಿ.